ಗಡಿಯಾರದ ಮುಖ, ಗಡಿಯಾರದ ಒಡಲು

(ಹೈದರಾಬಾದಿನ ಕನ್ನಡ ಬಂಧುಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹೈದರಾಬಾದಿನಲ್ಲಿ ನಿಂತು ಗಡಿಯಾರದ ವಿಷಯ ಮಾತನಾಡುವುದೆಂದರೆ ಕಾಶಿಯಲ್ಲಿ ನಿಂತು ಗಂಗೆಯ ವಿಷಯ ಮಾತನಾಡಿದಂತೆ. ಈ ಊರಿಗೆ ಗಡಿಯಾರಗಳ ಕೊರತೆಯಿಲ್ಲ. ಚಾರ್‌ಮಿನಾರಿನ ನಾಲ್ಕು ದಿಕ್ಕಿಗೂ ನಾಲ್ಕು ಗಡಿಯಾರಗಳು 1889ರಲ್ಲಿ ಬಂದವು. ಮಹಬೂಬ್ ಚೌಕದ ಗಡಿಯಾರ ಗೋಪುರ 1892ರದು, ಸಿಕಂದರಾಬಾದಿನದು 1897ರದು. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಪ್ರತಿ ಗಂಟೆಗೂ ಒಂದು ಪುಟ್ಟ ಗಡ್ಡದ ಗೊಂಬೆ ಬಾಗಿಲು ತೆರೆದು ಹೊರಬಂದು ಗಂಟೆ ಬಾರಿಸಿ ಒಳಹೋಗುವುದನ್ನು ನೋಡಲು ಜನ ಮುಂಚಿತವಾಗಿಯೇ ನೆಲದ ಮೇಲೆ ಕುಳಿತು ಕಾಯುತ್ತಾರೆ. ನೆಂಟರು ಊರಿಂದ ಬಂದರೆ ನಾವೆಲ್ಲರೂ ಅವರನ್ನು ಒಮ್ಮೆಯಾದರೂ ಅಲ್ಲಿಗೆ ಕರೆದುಕೊಂಡು ಹೋಗಿರುವವರೇ.

ಆದರೆ ಇಂದು ನಾನು ಮಾತನಾಡಬೇಕೆಂದಿರುವುದು ಗೋಪುರದ ಗಡಿಯಾರವನ್ನಾಗಲಿ ನವಾಬರ ಗಡಿಯಾರವನ್ನಾಗಲಿ ಕುರಿತಲ್ಲ. ನಿಮ್ಮ ಮನೆಯ ಅಲಮಾರಿನಲ್ಲಿ, ಒಡವೆಯ ಡಬ್ಬಿಯ ಪಕ್ಕದಲ್ಲಿ, ಹಳೆಯ ಪಾಸ್‌ಬುಕ್ಕುಗಳ ಅಡಿಯಲ್ಲಿ ನಿಂತು ಹೋಗಿ ಮಲಗಿರುವ ಕೈಗಡಿಯಾರವನ್ನು ಕುರಿತು. ಅದರಲ್ಲಿಯೂ ಸ್ವಯಂಚಾಲಿತ ಗಡಿಯಾರವನ್ನು, ಎಂದರೆ ಜನ 'ಆಟೋಮ್ಯಾಟಿಕ್' ಎಂದು ಕರೆಯುವುದನ್ನು ಕುರಿತು. ಅದನ್ನು ಗುರುತಿಸುವುದು ಹೇಗೆ, ದುರಸ್ತಿ ಮಾಡುವುದು ಹೇಗೆ, ಅದಕ್ಕಿಂತ ಮುಖ್ಯವಾಗಿ, ದುರಸ್ತಿಯ ಹೆಸರಿನಲ್ಲಿ ಅದನ್ನು ಹಾಳು ಮಾಡದೆ ಇರುವುದು ಹೇಗೆ ಎಂಬುದು ನನ್ನ ವಿಷಯ. ಭಾಷೆ, ಗಡಿ, ನೀರು, ಶಾಲೆ ಇವುಗಳನ್ನು ಚರ್ಚಿಸುವ ವೇದಿಕೆಯಲ್ಲಿ ಇದು ಚಿಲ್ಲರೆ ವಿಷಯವೆಂದು ಕೆಲವರಿಗೆ ತೋರಬಹುದು. ಹಾಗಲ್ಲವೆಂದು ತೋರಿಸುವ ಹೊಣೆ ನನ್ನದು.

ನನ್ನ ಅರ್ಹತೆಯ ಬಗ್ಗೆ ಒಂದು ಮಾತು. ವೃತ್ತಿಯಿಂದ ನಾನು ಗಡಿಯಾರದವನಲ್ಲ. ನಿವೃತ್ತಿಯ ಬಳಿಕ ಹಳೆಯ ನಗರದ ಒಬ್ಬ ಹಿರಿಯ ಘಡಿಸಾಜರ ಮಗ್ಗುಲಲ್ಲಿ ನಾಲ್ಕು ವರ್ಷ ಕುಳಿತು ಕಲಿತವನು. ಅವರು ದಖ್ಖನಿಯಲ್ಲಿ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಆ ಎರಡು ನೋಟ್ ಪುಸ್ತಕಗಳೇ ಇಂದಿನ ಉಪನ್ಯಾಸದ ಆಧಾರ.

ಮೊದಲು ಈ ಯಂತ್ರದ ತತ್ತ್ವವನ್ನು ನೋಡೋಣ. ಮೈಸೂರಿನ ಕಡೆಯವರು ಗಡಿಯಾರಕ್ಕೆ 'ಕೀಲಿ ಕೊಡು' ಎನ್ನುತ್ತಾರೆ, ಬೀದರ ಕಲಬುರ್ಗಿಯ ಕಡೆಯವರು 'ಚಾವಿ ಕೊಡು' ಎನ್ನುತ್ತಾರೆ. ಎರಡೂ ಒಂದೇ: ಒಂದು ಡಬ್ಬಿಯೊಳಗೆ ಸುರುಳಿ ಸುತ್ತಿದ ಉಕ್ಕಿನ ಪಟ್ಟಿಯನ್ನು ಬಿಗಿ ಮಾಡುವುದು. ಆ ಪಟ್ಟಿ ಬಿಚ್ಚಿಕೊಳ್ಳಲು ಹವಣಿಸುತ್ತದೆ. ಆ ಹವಣಿಕೆಯೇ ಗಡಿಯಾರದ ಅನ್ನ. ಹಲ್ಲುಚಕ್ರಗಳ ಸಾಲು ಆ ಬಲವನ್ನು ಕೊನೆಯ ಚಕ್ರದವರೆಗೆ ಒಯ್ಯುತ್ತದೆ. ಅಲ್ಲಿ ಎರಡು ಹರಳುಗಳ ಕವಲೊಂದು ಚಕ್ರವನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಒಂದೊಂದೇ ಹಲ್ಲನ್ನು ಮುಂದಕ್ಕೆ ಬಿಡುತ್ತದೆ. ಕವಲಿಗೆ ಅಪ್ಪಣೆ ಕೊಡುವುದು ಅತ್ತಿಂದಿತ್ತ ತೂಗುವ ಬ್ಯಾಲೆನ್ಸ್ ಚಕ್ರ; ಆ ಚಕ್ರವನ್ನು ಪ್ರತಿ ಬಾರಿಯೂ ಮರಳಿ ಕರೆಯುವುದು ಕೂದಲಿನಷ್ಟು ತೆಳ್ಳನೆಯ ಸ್ಪ್ರಿಂಗು. ಹಿಂದಿ ಉರ್ದು ಬಲ್ಲ ಕುಶಲಕರ್ಮಿಗಳು ಇದನ್ನು 'ಬಾಲ್ ಕಮಾನಿ' ಎನ್ನುತ್ತಾರೆ. ನಾನು ನನ್ನ ಪುಸ್ತಕದಲ್ಲಿ 'ಕೂದಲ ಕಮಾನು' ಎಂದು ಬರೆದುಕೊಂಡಿದ್ದೇನೆ.

ಸ್ವಯಂಚಾಲಿತ ಗಡಿಯಾರದಲ್ಲಿ ಇವೆಲ್ಲದರ ಹಿಂದೆ ಇನ್ನೊಂದು ಭಾಗವಿದೆ. ಅರ್ಧಚಂದ್ರಾಕಾರದ ಒಂದು ಲೋಹದ ಭಾರ ನಡುವಿನ ಕೀಲಿನ ಮೇಲೆ ತಿರುಗುತ್ತದೆ. ಅದನ್ನು ರೋಟರ್ ಎನ್ನುತ್ತಾರೆ. ನೀವು ಕೈ ಬೀಸಿದಾಗ, ಬಸ್ಸಿನ ಕಂಬಿ ಹಿಡಿದಾಗ, ಊಟಕ್ಕೆ ಕೈ ನೀಡಿದಾಗ ಅದು ತಿರುಗಿ ಸುರುಳಿಯನ್ನು ಬಿಗಿಯುತ್ತದೆ. ಸುರುಳಿ ಪೂರ್ಣ ಬಿಗಿದ ಮೇಲೂ ರೋಟರ್ ತಿರುಗುತ್ತಲೇ ಇರುವುದರಿಂದ, ಪಟ್ಟಿಯ ಹೊರತುದಿಯನ್ನು ಡಬ್ಬಿಯ ಗೋಡೆಗೆ ಕೊಂಡಿ ಹಾಕಿರುವುದಿಲ್ಲ. ಬಿಗಿ ಹೆಚ್ಚಾದಾಗ ಅದು ಗೋಡೆಯ ಮೇಲೆ ಜಾರುತ್ತದೆ. ಒಬ್ಬ ಮನುಷ್ಯನ ದಿನನಿತ್ಯದ ಅಲುಗಾಟದಿಂದಲೇ ಬದುಕುವ ಯಂತ್ರವಿದು. ಕೈಯಿಂದ ಕಳಚಿಟ್ಟರೆ ಸುಮಾರು ಒಂದೂವರೆ ದಿನದಲ್ಲಿ ನಿಲ್ಲುತ್ತದೆ. ಮನೆಯ ಹಿರಿಯರು ಹಾಸಿಗೆ ಹಿಡಿದಾಗ ಅವರ ಆಟೋಮ್ಯಾಟಿಕ್ ಗಡಿಯಾರವೂ ಮೆಲ್ಲನೆ ಹಿಂದೆ ಬೀಳುವುದನ್ನು ನಿಮ್ಮಲ್ಲಿ ಕೆಲವರು ಗಮನಿಸಿರಬಹುದು. ಅದು ಶಕುನವಲ್ಲ, ಯಂತ್ರಶಾಸ್ತ್ರ.

ಈ ಕಲ್ಪನೆ ಹೊಸದೇನಲ್ಲ. ಹದಿನೆಂಟನೆಯ ಶತಮಾನದ ಎಪ್ಪತ್ತರ ದಶಕದಲ್ಲಿಯೇ ಸ್ವಿಸ್ ಕುಶಲಕರ್ಮಿ ಪೆರ್ಲೆ ತನ್ನಿಂದ ತಾನೇ ಕೀಲಿ ಕೊಟ್ಟುಕೊಳ್ಳುವ ಜೇಬುಗಡಿಯಾರ ಮಾಡಿದನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಜೇಬಿನಲ್ಲಿ ಗಡಿಯಾರ ಹೆಚ್ಚು ಅಲುಗದ ಕಾರಣ ಅದು ಬೆಳೆಯಲಿಲ್ಲ. ಗಡಿಯಾರ ಮಣಿಕಟ್ಟಿಗೆ ಏರಿದ ಮೇಲೆ ಇಂಗ್ಲೆಂಡಿನ ಜಾನ್ ಹಾರ್ವುಡ್ 1924ರಲ್ಲಿ ಸ್ವಿಸ್ ಪೇಟೆಂಟ್ ಪಡೆದ. ಅವನ ಭಾರ ಪೂರ್ತಿ ಸುತ್ತುತ್ತಿರಲಿಲ್ಲ. ಎರಡು ಸ್ಪ್ರಿಂಗುಗಳ ನಡುವೆ ಬಡಿದಾಡುತ್ತಿತ್ತು. 1931ರಲ್ಲಿ ರೋಲೆಕ್ಸ್ ಪೂರ್ತಿ ಸುತ್ತುವ ರೋಟರನ್ನು ತಂದಿತು, 1942ರಲ್ಲಿ ಫೆಲ್ಸಾ ಎರಡು ದಿಕ್ಕಿನ ತಿರುಗಾಟವನ್ನೂ ಬಳಸಿಕೊಂಡಿತು, 1948ರಲ್ಲಿ ಎಟರ್ನಾ ರೋಟರಿನ ಕೀಲಿಗೆ ಬಾಲ್ ಬೇರಿಂಗ್ ಹಾಕಿತು. ಜಪಾನಿನವರು ಐವತ್ತರ ದಶಕದ ಕೊನೆಯಿಂದ ಇದನ್ನು ಸರಳಗೊಳಿಸಿ ಅಗ್ಗ ಮಾಡಿದರು.

ಇನ್ನು ನಮ್ಮ ನಾಡಿನ ಭಾಗಕ್ಕೆ ಬರುತ್ತೇನೆ. ಹಿಂದೂಸ್ತಾನ್ ಮಷೀನ್ ಟೂಲ್ಸ್ ಎಂಬ ಸಾರ್ವಜನಿಕ ಉದ್ದಿಮೆ 1953ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಯಂತ್ರಗಳನ್ನು ಮಾಡುವ ಯಂತ್ರಗಳನ್ನು ಕಟ್ಟಿದ ಆ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಜವಾಹರಲಾಲ್ ನೆಹರೂ. ಮುಂದೆ ಶ್ರೀನಗರ, ತುಮಕೂರು, ರಾಣಿಬಾಗ್‌ಗಳಲ್ಲಿಯೂ ಕಾರ್ಖಾನೆಗಳು ಬಂದವು. ಜನತಾ, ಪೈಲಟ್, ಸೋನಾ, ಕೋಹಿನೂರ್, ಸುಜಾತಾ ಇವೆಲ್ಲ ಕೀಲಿ ಕೊಡುವವು. ರಜತ್, ಕಾಂಚನ್ ಸ್ವಯಂಚಾಲಿತ, ವಾರ ತಾರೀಖು ತೋರಿಸುವಂಥವು. ವರನ ಕೈಗೆ ಎಚ್‌ಎಂಟಿ ಕಟ್ಟದ ಮದುವೆ ಒಂದು ಕಾಲಕ್ಕೆ ಮದುವೆಯೇ ಅಲ್ಲ ಎನ್ನುವಂತಿತ್ತು.

ಅದೇ ಸಂಸ್ಥೆಯ ಯಂತ್ರೋಪಕರಣ ಕಾರ್ಖಾನೆ ಅರವತ್ತರ ದಶಕದಲ್ಲಿ ಈ ಹೈದರಾಬಾದಿಗೂ ಬಂತು. ಬೆಂಗಳೂರಿನಲ್ಲಿ ಕೆಲಸ ಕಲಿತ ಕೆಲವು ಕನ್ನಡ ಕುಟುಂಬಗಳು ಅದರ ಹಿಂದೆಯೇ ಇಲ್ಲಿಗೆ ಬಂದವು. ನಮ್ಮಲ್ಲಿ ಹಲವರು 1956ಕ್ಕೆ ಮೊದಲೇ ಇಲ್ಲಿದ್ದವರ ಮಕ್ಕಳು. ಬೀದರ, ಗುಲ್ಬರ್ಗಾ, ರಾಯಚೂರುಗಳು ಆ ವರ್ಷ ಮೈಸೂರು ರಾಜ್ಯಕ್ಕೆ ಸೇರಿದಾಗ ರಾಜಧಾನಿಯಲ್ಲಿಯೇ ಉಳಿದವರು. ಇನ್ನು ಕೆಲವರು ಕಾರ್ಖಾನೆ, ಬ್ಯಾಂಕು, ರೈಲ್ವೆಗಳ ವರ್ಗಾವಣೆಯ ಮೇಲೆ ಬಂದವರು. ಈ ಎರಡನೆಯ ಗುಂಪಿನವರ ಮನೆಗಳಲ್ಲಿ ಆ ಗಡಿಯಾರಗಳು ಇಂದಿಗೂ ಸಿಗುತ್ತವೆ.

ಗಡಿಯಾರದ ಲೋಕವನ್ನು 1969ರ ಕೊನೆಯಲ್ಲಿ ಸೈಕೋ ತಂದ ಕ್ವಾರ್ಟ್ಜ್ ಬುಡಮೇಲು ಮಾಡಿತು. ಸೆಕೆಂಡಿಗೆ ಐದಾರು ಬಡಿತದ ಬ್ಯಾಲೆನ್ಸ್ ಚಕ್ರದ ಜಾಗದಲ್ಲಿ ಸೆಕೆಂಡಿಗೆ ಸಾವಿರಾರು ಬಾರಿ ಕಂಪಿಸುವ ಸ್ಫಟಿಕ ಬಂದು ಕುಳಿತಿತು. ನಮ್ಮಲ್ಲಿ 1984ರಲ್ಲಿ ಸ್ಥಾಪಿತವಾದ ಟೈಟಾನ್, ಕನ್ನಡ ತೆಲುಗು ತಮಿಳು ಮೂರೂ ಕಿವಿಗೆ ಬೀಳುವ ಗಡಿಯೂರು ಹೊಸೂರಿನ ಕಾರ್ಖಾನೆಯಿಂದ ಕ್ವಾರ್ಟ್ಜ್ ಗಡಿಯಾರಗಳನ್ನು ಮಾರುಕಟ್ಟೆಗೆ ತಂದಿತು. ಎಚ್‌ಎಂಟಿ ಗಡಿಯಾರ ವಿಭಾಗ 2000ರಲ್ಲಿ ಪ್ರತ್ಯೇಕ ಕಂಪನಿಯಾಯಿತು. 2016ರ ಜನವರಿಯಲ್ಲಿ ಅದನ್ನು ಮುಚ್ಚುವುದಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ತುಮಕೂರು ಕಾರ್ಖಾನೆಯ ನೆಲ ಇಸ್ರೋ ಪಾಲಾಯಿತು. ಕಾರ್ಖಾನೆ ಮುಚ್ಚಿದ್ದರ ಸರಿತಪ್ಪುಗಳ ಚರ್ಚೆ ಬೇರೆಯದು. ಇಂದು ನಮಗೆ ಬೇಕಾದ ಸತ್ಯ ಇಷ್ಟೆ: ನಿಮ್ಮ ಮನೆಯಲ್ಲಿರುವ ಗಡಿಯಾರಕ್ಕೆ ಬಿಡಿಭಾಗ ಕೊಡುವ ತವರುಮನೆ ಇಲ್ಲ.

ತವರಿಲ್ಲದ ಮೇಲೆ ಬಿಡಿಭಾಗಗಳು ಬರುವುದು ಸತ್ತ ಗಡಿಯಾರಗಳಿಂದ. ಹತ್ತು ಕೆಟ್ಟ ಗಡಿಯಾರಗಳಿಂದ ಮೂರು ಒಳ್ಳೆಯವನ್ನು ಮಾಡುವುದು ನಮ್ಮ ದೇಶದ ಹಳೆಯ ಕಸುಬು. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪು ಆರಂಭವಾಗುವುದು ಅದಕ್ಕೆ ಸುಳ್ಳು ಮುಖ ಬರೆದಾಗ. ಹಳೆಯ ಡಯಲ್ಲಿನ ಬಣ್ಣ ಕೆರೆದು, ಹೊಳೆಯುವ ಹೊಸ ಬಣ್ಣ ಹಚ್ಚಿ, ಬೇಡಿಕೆಯಿರುವ ಕಂಪನಿಯ ಹೆಸರನ್ನು ಅಚ್ಚು ಹಾಕುತ್ತಾರೆ. ಆದ್ದರಿಂದ ಗುರುತಿಸುವ ವಿದ್ಯೆಯ ಮೊದಲ ಸೂತ್ರ: ಮುಖವನ್ನು ಓದು, ಆದರೆ ಮುಖವನ್ನೇ ನಂಬಬೇಡ.

ಮೂರು ಕಡೆ ನೋಡಬೇಕು. ಮೊದಲನೆಯದು ಮುಖ. ಭೂತಗನ್ನಡಿಯ ಕೆಳಗೆ ಅಕ್ಷರದ ಅಂಚು ಚೂಪಾಗಿದೆಯೋ ಹರಡಿದೆಯೋ ನೋಡಿ. ನಿಮಿಷದ ಗೆರೆಗಳು ಅಂಕಿಗಳಿಗೆ ಸರಿಯಾಗಿ ಕೂಡುತ್ತವೆಯೋ ನೋಡಿ. ಐವತ್ತು ವರ್ಷದ ಮುಳ್ಳುಗಳು ಮಂಕಾಗಿದ್ದು ಮುಖ ಮಾತ್ರ ನಿನ್ನೆ ಹುಟ್ಟಿದಂತಿದ್ದರೆ ಸಂಶಯಪಡಿ. ಎರಡನೆಯದು ಬೆನ್ನು. ಸೈಕೋ ಗಡಿಯಾರದ ಬೆನ್ನ ಮೇಲೆ ನಾಲ್ಕು ಅಂಕಿ, ಒಂದು ಅಡ್ಡಗೆರೆ, ಮತ್ತೆ ನಾಲ್ಕು ಅಂಕಿ ಇರುತ್ತವೆ. ಮೊದಲಿನ ನಾಲ್ಕು ಒಳಯಂತ್ರದ ಸಂಖ್ಯೆ, ಆಮೇಲಿನವು ಹೊರಕವಚದ್ದು. ಕ್ರಮಸಂಖ್ಯೆಯ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಯಾವ ದಶಕವೆಂಬುದನ್ನು ಯಂತ್ರದ ಸಂಖ್ಯೆಯಿಂದ ಊಹಿಸಬೇಕು. ಮೂರನೆಯದು ಒಡಲು. ಸ್ವಿಸ್ ಗಡಿಯಾರಗಳಲ್ಲಿ ಮುಖದ ಮೇಲಿನ ಹೆಸರು ಒಬ್ಬರದು, ಯಂತ್ರ ಮಾಡಿದವರು ಇನ್ನೊಬ್ಬರು ಆಗಿರುವುದು ಸಾಮಾನ್ಯ. ಬ್ಯಾಲೆನ್ಸ್ ಚಕ್ರದ ಅಡಿಯಲ್ಲಿ, ತಳಫಲಕದ ಮೇಲೆ, ಯಂತ್ರ ತಯಾರಕರ ಪುಟ್ಟ ಮುದ್ರೆಯೂ ಸಂಖ್ಯೆಯೂ ಇರುತ್ತದೆ. ಅದೇ ನಿಜವಾದ ಜನ್ಮಪತ್ರಿಕೆ.

ಇಲ್ಲೊಂದು ಎಚ್ಚರಿಕೆ. ಎಪ್ಪತ್ತು ಎಂಬತ್ತರ ದಶಕದ ಹಲವು ಸೈಕೋ ಆಟೋಮ್ಯಾಟಿಕ್‌ಗಳಿಗೆ ಕೈಯಿಂದ ಕೀಲಿ ಕೊಡುವ ವ್ಯವಸ್ಥೆಯೇ ಇಲ್ಲ. ತಿರುಪನ್ನು ಎಷ್ಟು ತಿರುಗಿಸಿದರೂ ಏನೂ ಆಗದು. 'ಕೀಲಿ ಹತ್ತುವುದಿಲ್ಲ, ಕೆಟ್ಟಿದೆ' ಎಂದು ಅವನ್ನು ತೂಕಕ್ಕೆ ಹಾಕಿದವರನ್ನು ಬಲ್ಲೆ. ಮೆಲ್ಲನೆ ಇಪ್ಪತ್ತು ಮೂವತ್ತು ಸಲ ಅಡ್ಡಡ್ಡ ತೂಗಿದರೆ ಅವು ಓಡತೊಡಗುತ್ತವೆ. ಗಡಿಯಾರವನ್ನು ಗುರುತಿಸದೆ ರೋಗ ಹೇಳಬಾರದು.

ಈಗ ಒಂದು ನಿಜವಾದ ಉದಾಹರಣೆ. ನಮ್ಮ ನಡುವಿನ ಒಬ್ಬ ಹಿರಿಯ ತಾಯಿ ತಮ್ಮ ದಿವಂಗತ ಪತಿಯ ಗಡಿಯಾರವನ್ನು ನನ್ನಲ್ಲಿಗೆ ತಂದರು. ಪತಿ ಎಪ್ಪತ್ತರ ದಶಕದಲ್ಲಿ ಬೆಂಗಳೂರಿನಿಂದ ಬಂದು ಇಲ್ಲಿನ ಯಂತ್ರೋಪಕರಣ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮೊಮ್ಮಗ ಓದಲು ಹೊರದೇಶಕ್ಕೆ ಹೊರಟಿದ್ದ. ಅಜ್ಜನ ಗಡಿಯಾರವನ್ನು ಓಡುವಂತೆ ಮಾಡಿ ಅವನ ಕೈಗೆ ಕಟ್ಟಬೇಕೆಂಬುದು ಅವರ ಆಸೆ. ಮುಖದ ಮೇಲೆ ಜಪಾನಿನ ಒಂದು ಪ್ರಸಿದ್ಧ ಕಂಪನಿಯ ಹೆಸರು. 'ತಾತನದು ಫಾರಿನ್ ವಾಚು' ಎಂದು ಮೊಮ್ಮಗ ಹೆಮ್ಮೆಪಡುತ್ತಿದ್ದ. ಬೆನ್ನ ಮೇಲಿನ ಬರಹವನ್ನು ಬೆವರು ಪೂರ್ತಿ ತಿಂದುಹಾಕಿತ್ತು.

ವಾರದ ಕಿಂಡಿಯನ್ನು ನೋಡಿದೆ. ಅಲ್ಲಿ ದೇವನಾಗರಿಯಲ್ಲಿ 'ಸೋಮ' ಎಂದಿತ್ತು. ಅದು ಸುಳಿವು ಮಾತ್ರ. ವಾರದ ಬಿಲ್ಲೆಯನ್ನು ಯಾರಾದರೂ ಬದಲಿಸಿರಬಹುದು. ಬೆನ್ನು ತೆರೆದಾಗ ರೋಟರಿನ ಮೇಲೆಯೂ ಯಂತ್ರದ ಮೇಲೆಯೂ ಎಚ್‌ಎಂಟಿ ಮುದ್ರೆ, ಇಪ್ಪತ್ತೊಂದು ಹರಳು. ಸಿಟಿಜನ್ ವಿನ್ಯಾಸದ ಮೇಲೆ ನಮ್ಮಲ್ಲಿ ತಯಾರಾದ ಯಂತ್ರ. ಮುಖ ಕಳಚಿ ತಿರುಗಿಸಿದಾಗ ತಗಡಿನ ಅಂಚಿನಲ್ಲಿ ಅರದಿಂದ ಹಾಕಿದ ಒಂದು ಸಣ್ಣ ಕಚ್ಚು ಕಂಡಿತು. ಬಣ್ಣ ಹಚ್ಚುವವರು ಡಯಲನ್ನು ಅಚ್ಚಿನಲ್ಲಿ ಕೂರಿಸಲು ಹಾಕಿಕೊಳ್ಳುವ ಗುರುತು ಅದು. ಮೂಲ ಮುಖವನ್ನೇ ಕೆರೆದು ಅದರ ಮೇಲೆ ಬೇರೆ ಹೆಸರು ಬರೆದಿದ್ದರು. ಬೆನ್ನಮುಚ್ಚಳದ ಒಳಭಾಗದಲ್ಲಿ ಸೂಜಿಯಿಂದ ಗೀಚಿದ ಮೂರು ಬರಹಗಳಿದ್ದವು. ಘಡಿಸಾಜರು ದುರಸ್ತಿಯ ದಿನವನ್ನು ಹೀಗೆ ಗೀಚಿಡುವುದು ವಾಡಿಕೆ. ಅವುಗಳಲ್ಲೊಂದು ಉರ್ದು ಅಂಕಿಗಳಲ್ಲಿತ್ತು. ಬೆಂಗಳೂರಿನ ಯಂತ್ರ, ಹೈದರಾಬಾದಿನ ಕೈಗಳು, ಜಪಾನಿನ ಹೆಸರು.

ಇದನ್ನು ಆ ತಾಯಿಗೆ ಹೇಳಲೇಬೇಕಿತ್ತು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಪ್ಪ, ಮೊದಲು ಅದರ ಮೇಲೆ ಹಿಂದಿ ಅಕ್ಷರ ಇತ್ತು. ಒಮ್ಮೆ ಯಾವುದೋ ಅಂಗಡಿಗೆ ಕೊಟ್ಟಿದ್ದರು, ಹೊಸದು ಮಾಡಿಕೊಡ್ತೀನಿ ಅಂತ ಹೇಳಿ ಹೀಗೆ ಮಾಡಿಕೊಟ್ಟ. ನಮ್ಮ ಕಂಪನೀದು ಹೋಯ್ತಲ್ಲ ಅಂತ ಇವರು ಒಂದು ವಾರ ಗೊಣಗಿದರು. ಆಮೇಲೆ ಕಟ್ಟಿಕೊಂಡರು" ಎಂದರು. ಮನೆಯಲ್ಲಿ ಅದನ್ನು ಬಲ್ಲವರು ಅವರೊಬ್ಬರೇ ಉಳಿದಿದ್ದರು. ಅವರೂ ಯಾರೂ ಕೇಳಲಿಲ್ಲವೆಂದು ಹೇಳಿರಲಿಲ್ಲ.

ಇನ್ನು ದುರಸ್ತಿ. ಆ ಗಡಿಯಾರಕ್ಕೆ ನಾಲ್ಕು ರೋಗಗಳಿದ್ದವು. ಒಂದು, ತಿರುಪಿನ ದಂಡದ ಮೂಲಕ ನೀರು ಇಳಿದು ತುಕ್ಕು ಹಿಡಿದಿತ್ತು. ಎರಡು, ರೋಟರಿನ ಕೀಲು ಸವೆದು ರೋಟರ್ ಬೆನ್ನಮುಚ್ಚಳವನ್ನು ಉಜ್ಜುತ್ತಿತ್ತು. ಮುಚ್ಚಳದ ಒಳಗೆ ಅರ್ಧಚಂದ್ರದ ಗೀರು ಬಿದ್ದಿತ್ತು. ಮೂರು, ಎಣ್ಣೆ ಒಣಗಿ ಅಂಟಾಗಿತ್ತು. ನಾಲ್ಕು, ಕೂದಲ ಕಮಾನಿಗೆ ಕಾಂತತ್ವ ಹತ್ತಿತ್ತು. ವರ್ಷಗಟ್ಟಲೆ ಧ್ವನಿವರ್ಧಕದ ಪೆಟ್ಟಿಗೆಯ ಮೇಲೆ ಇಟ್ಟಿದ್ದರಂತೆ. ದಿಕ್ಸೂಚಿಯ ಹತ್ತಿರ ಹಿಡಿದರೆ ಮುಳ್ಳು ಓಲಾಡುತ್ತದೆ; ಇದಕ್ಕಿಂತ ಸುಲಭ ಪರೀಕ್ಷೆ ಇನ್ನೊಂದಿಲ್ಲ. ಕಾಂತತ್ವದಿಂದ ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡರೆ ಗಡಿಯಾರ ವಿಪರೀತ ಮುಂದೆ ಓಡುತ್ತದೆ.

ಬಿಚ್ಚುವುದಕ್ಕೆ ಒಂದು ಕ್ರಮವಿದೆ. ಮೊದಲು ರೋಟರ್ ತೆಗೆಯಬೇಕು. ಆಮೇಲೆ ತಡೆಕೊಕ್ಕೆಯನ್ನು ಮೆಲ್ಲನೆ ಹಿಡಿದು ಸುರುಳಿಯಲ್ಲಿ ಉಳಿದ ಬಲವನ್ನು ಇಳಿಸಬೇಕು. ಬಲ ಇಳಿಸದೆ ಕವಲನ್ನು ಎತ್ತಿದರೆ ಚಕ್ರಗಳು ಒಮ್ಮೆಲೆ ಬುಗುರಿಯಂತೆ ತಿರುಗಿ ಮೊನೆ ಮುರಿದುಕೊಳ್ಳುತ್ತವೆ. ಬ್ಯಾಲೆನ್ಸ್ ಚಕ್ರವನ್ನು ಅದರ ಸೇತುವೆಯೊಡನೆ ಎತ್ತಿ ಪಕ್ಕಕ್ಕಿಟ್ಟು ಮುಚ್ಚಬೇಕು. ನಂತರ ಮುಳ್ಳು, ಮುಖ, ವಾರ ತಾರೀಖಿನ ಬಿಲ್ಲೆಗಳು. ಆನಂತರ ಕವಲು, ಚಕ್ರಗಳು, ಕೊನೆಗೆ ಡಬ್ಬಿ. ಒಂದೊಂದು ತಿರುಪನ್ನೂ ಅದರ ಭಾಗದ ಜೊತೆಯೇ ಇಡಬೇಕು. ಒಂದೇ ರೀತಿ ಕಾಣುವ ತಿರುಪುಗಳ ಉದ್ದ ಬೇರೆ ಬೇರೆ ಇರುತ್ತದೆ.

ತೊಳೆಯಲು ನಮ್ಮ ಕುಶಲಕರ್ಮಿಗಳು ಬಳಸುವುದು ಬಿಳಿ ಪೆಟ್ರೋಲು. ಸ್ಪಿರಿಟ್ಟಿನಲ್ಲಿ ಎಲ್ಲವನ್ನೂ ನೆನೆಹಾಕುವವರಿಗೆ ಉಸ್ತಾದರು ಹೇಳುತ್ತಿದ್ದ ಎಚ್ಚರಿಕೆಯನ್ನು ನಿಮಗೂ ಹೇಳಬೇಕು. ಕವಲಿನ ಎರಡು ಹರಳುಗಳನ್ನು ಹಿಡಿದಿರುವುದು ಅರಗು. ಹೌದು, ಲಾಡ್ ಬಜಾರಿನಲ್ಲಿ ಬಳೆಯಾಗುವ ಅದೇ ಅರಗನ್ನು ಶುದ್ಧಿ ಮಾಡಿದ ರೂಪ. ಸ್ಪಿರಿಟ್ಟಿನಲ್ಲಿ ಅದು ಕರಗಿ ಹರಳು ಕಳಚುತ್ತದೆ. ಸ್ವಿಟ್ಜರ್ಲೆಂಡಿನ ಗಡಿಯಾರವೂ ಜಪಾನಿನ ಗಡಿಯಾರವೂ ತನ್ನ ಎದೆಯ ಹರಳನ್ನು ಮರದ ಕೀಟದ ಅರಗಿನಿಂದಲೇ ಅಂಟಿಸಿಕೊಂಡಿತ್ತು ಎಂದಾಗ ನನಗೆ ಈ ಊರಿನ ಮೇಲೆ ಇನ್ನಷ್ಟು ಅಭಿಮಾನ ಬಂದಿತು.

ಎಣ್ಣೆಯ ವಿಷಯದಲ್ಲಿ ಜಿಪುಣತನವೇ ಧರ್ಮ. ಚಕ್ರದ ಮೊನೆಗೆ ಸೂಜಿತುದಿಯ ಒಂದು ಕಣ, ಕವಲಿನ ಹರಳಿನ ಮೈಗೆ ಇನ್ನೂ ಕಡಿಮೆ. ಕವಲಿನ ಮೊನೆಗೆ ಬೇಡವೇ ಬೇಡ. ಕೂದಲ ಕಮಾನಿಗೆ ಎಣ್ಣೆ ತಾಗಿದರೆ ಮತ್ತೆ ತೊಳೆಯಬೇಕು. ಡಬ್ಬಿಯ ಗೋಡೆಗೆ ಮಾತ್ರ ಆಟೋಮ್ಯಾಟಿಕ್‌ಗೆಂದೇ ಇರುವ ಗಟ್ಟಿ ಗ್ರೀಸು ಹಚ್ಚಬೇಕು. ಅದಿಲ್ಲದಿದ್ದರೆ ಸುರುಳಿ ಬೇಗ ಜಾರಿ, ದಿನವೆಲ್ಲ ಕಟ್ಟಿದರೂ ರಾತ್ರಿ ಗಡಿಯಾರ ನಿಲ್ಲುತ್ತದೆ. ಇನ್ನು ಬಹಳ ಹಳೆಯ ಗಡಿಯಾರಗಳಲ್ಲಿ ಕತ್ತಲೆಯಲ್ಲಿ ಹೊಳೆಯಲೆಂದು ಹಚ್ಚಿದ ಬಣ್ಣದಲ್ಲಿ ರೇಡಿಯಂ ಇರಬಹುದು. ಹೊಳಪು ಸತ್ತಿದ್ದರೂ ವಿಷ ಸತ್ತಿರುವುದಿಲ್ಲ. ಅದನ್ನು ಮನೆಯಲ್ಲಿ ಕೆರೆಯಲೇಬಾರದು.

ತುಕ್ಕು ಹಿಡಿದ ದಂಡಕ್ಕೂ ರೋಟರಿನ ಕೀಲಿಗೂ ಬದಲಿ ಬೇಕಾಗಿತ್ತು. ಗುರುವಾರದ ಜುಮ್ಮೆರಾತ್ ಬಜಾರಿನಲ್ಲಿ ಮೂರು ವಾರ ಅಲೆದು, ಅದೇ ಯಂತ್ರದ ಒಂದು ಮುರುಕು ಗಡಿಯಾರ ಸಿಕ್ಕಿತು. ಅದರ ಕವಚ ಪುಡಿಯಾಗಿತ್ತು, ಆದರೆ ಒಡಲು ಚೆನ್ನಾಗಿತ್ತು. ಅಚ್ಚರಿಯೆಂದರೆ ಮುಖವೂ ಚೆನ್ನಾಗಿತ್ತು: ಎಚ್‌ಎಂಟಿಯ ಮೂಲ ಡಯಲ್ಲು, ದೇವನಾಗರಿ ಅಕ್ಷರದೊಡನೆ.

ಜೋಡಿಸಿ, ಕಾಂತತ್ವ ತೆಗೆದು, ಮುಖ ಮೇಲಾಗಿ, ಮುಖ ಕೆಳಗಾಗಿ, ತಿರುಪು ಕೆಳಗಾಗಿ ಒಂದೊಂದು ದಿನ ಇಟ್ಟು ನೋಡಿದೆ. ದಿನಕ್ಕೆ 15 ಸೆಕೆಂಡಿನಷ್ಟು ಮುಂದೆ ಹೋಗುತ್ತಿತ್ತು. ಇದು ಹೆಚ್ಚೆಂದು ತೋರಬಹುದು. ಆದರೆ ಗಂಟೆಗೆ 21,600 ಬಡಿತದ ಗಡಿಯಾರ ದಿನಕ್ಕೆ 5,18,400 ಬಾರಿ ಬಡಿಯುತ್ತದೆ. 86,400 ಸೆಕೆಂಡಿನಲ್ಲಿ 15 ಎಂದರೆ 5,760ರಲ್ಲಿ ಒಂದು ಪಾಲಿನ ತಪ್ಪು. ನಮ್ಮ ನಿಮ್ಮ ಲೆಕ್ಕಪತ್ರಗಳಲ್ಲಿ ಇಷ್ಟು ನಿಖರತೆ ಇದ್ದರೆ ಸಂಘದ ಖಜಾಂಚಿಗಳು ಸುಖವಾಗಿರುತ್ತಿದ್ದರು.

ಕೊನೆಯ ಪ್ರಶ್ನೆ ಉಳಿದಿತ್ತು. ಯಾವ ಮುಖ ಹಾಕುವುದು? ಬಜಾರಿನಲ್ಲಿ ಸಿಕ್ಕ ಮೂಲ ಕಂಪನಿಯ ಮುಖವನ್ನೋ, ಸುಳ್ಳು ಹೆಸರಿನ ಹಳೆಯದನ್ನೋ? ಶುದ್ಧಿಯ ದೃಷ್ಟಿಯಿಂದ ಮೊದಲನೆಯದೇ ಸರಿಯೆಂದು ನಾನು ವಾದಿಸಿದೆ. ಆ ತಾಯಿ ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ನೋಡಿದರು. "ಇದು ಇನ್ಯಾರದೋ ಮನೆಯದು. ಅವರ ಕೈಮೇಲೆ ಕಡೆಗಾಲದವರೆಗೆ ಇದ್ದದ್ದು ಈ ಮುಖ. ಇದೇ ಇರಲಿ. ಒಳಗೆ ಏನಿದೆ ಅಂತ ಹುಡುಗನಿಗೆ ಗೊತ್ತಾಯಿತಲ್ಲ, ಸಾಕು" ಎಂದರು. ಮೊಮ್ಮಗ ಒಂದು ಚೀಟಿಯಲ್ಲಿ ಆ ಗಡಿಯಾರದ ಪೂರ್ಣ ವೃತ್ತಾಂತವನ್ನು ಅಜ್ಜಿ ಹೇಳಿದಂತೆ ಬರೆದುಕೊಂಡು, ಡಬ್ಬಿಯಲ್ಲಿಟ್ಟು ಕೊಂಡೊಯ್ದ. ಬರೆದದ್ದು ಕನ್ನಡದಲ್ಲಿ. ಅಕ್ಷರ ಅಂಕುಡೊಂಕಾಗಿತ್ತು, ಆದರೆ ತಪ್ಪಿರಲಿಲ್ಲ.

ಮಿತ್ರರೆ, ಹೊರನಾಡ ಕನ್ನಡಿಗರ ಸ್ಥಿತಿಗೂ ಈ ಗಡಿಯಾರಕ್ಕೂ ಹೋಲಿಕೆ ಕಟ್ಟುವುದು ಸುಲಭ. ನಾನು ಆ ಹೋಲಿಕೆಯನ್ನು ಬಹಳ ದೂರ ಎಳೆಯಲಾರೆ, ಮನುಷ್ಯರು ಯಂತ್ರಗಳಲ್ಲ. ಆದರೆ ಆ ತಾಯಿಯ ಮಾತಿನಿಂದ ಒಂದು ವಿವೇಕವನ್ನು ಕಲಿತೆ. ಮುಖ ಬದಲಾಗಿದೆಯೆಂಬ ಕಾರಣಕ್ಕೆ ನಮ್ಮ ಮಕ್ಕಳನ್ನು ನಾವು ದೂರುತ್ತೇವೆ. ತೆಲುಗು ಮಾತನಾಡುತ್ತಾರೆ, ಇಂಗ್ಲಿಷ್ ಓದುತ್ತಾರೆ, ಹೆಸರನ್ನೂ ಬೇರೆ ರೀತಿ ಬರೆಯುತ್ತಾರೆ ಎನ್ನುತ್ತೇವೆ. ಒಳಗೆ ಏನಿದೆಯೆಂದು ಅವರಿಗೆ ಹೇಳುವ ಕೆಲಸವನ್ನು ಮಾತ್ರ ಮುಂದೂಡುತ್ತೇವೆ.

ಎರಡನೆಯ ಮಾತು ನೀತಿಗೆ ಸಂಬಂಧಿಸಿದ್ದು. ನಾನು ಬಿಚ್ಚಿ ನೋಡಿದ ಎಚ್‌ಎಂಟಿ ಗಡಿಯಾರಗಳ ವಾರದ ಬಿಲ್ಲೆಗಳಲ್ಲಿ ಹಿಂದಿ ಕಂಡಿದ್ದೇನೆ, ಇಂಗ್ಲಿಷ್ ಕಂಡಿದ್ದೇನೆ. ಕನ್ನಡದ ಸೋಮವಾರವನ್ನು ಒಂದರಲ್ಲಿಯೂ ಕಂಡಿಲ್ಲ. ಕನ್ನಡ ನೆಲದಲ್ಲಿ, ಬಹುಪಾಲು ಕನ್ನಡದ ಕೈಗಳು ಜೋಡಿಸಿದ ಯಂತ್ರದ ಮೇಲೆ ಆ ಕೈಗಳ ಲಿಪಿಗೆ ಎಡೆ ದೊರೆತದ್ದನ್ನು ನಾನು ನೋಡಿಲ್ಲ. ದೇಶಕ್ಕೆಲ್ಲ ಮಾರುವ ಸರಕಿಗೆ ಅದು ಅನಿವಾರ್ಯವಾಗಿತ್ತೆಂದು ಹೇಳಬಹುದು. ಇರಬಹುದು. ಆದರೆ ಕಾರ್ಖಾನೆಯ ಒಳಗಿನ ವಿದ್ಯೆಯಾದರೂ ಕನ್ನಡದಲ್ಲಿ ದಾಖಲಾಗಬೇಕಿತ್ತು. ಆ ಕಾರ್ಖಾನೆಗಳಲ್ಲಿ ಸಾವಿರಾರು ಮಂದಿ, ಅದರಲ್ಲಿಯೂ ಹೆಣ್ಣುಮಕ್ಕಳು, ಕೂದಲಿಗಿಂತ ತೆಳ್ಳನೆಯ ಭಾಗಗಳನ್ನು ಚಿಮಟದಲ್ಲಿ ಹಿಡಿದು ಜೋಡಿಸಿದರು. ಅವರು ಆ ಭಾಗಗಳನ್ನು ತಮ್ಮೊಳಗೆ ಏನೆಂದು ಕರೆಯುತ್ತಿದ್ದರೋ ಆ ಪದಗಳೇ ನಮ್ಮ ನಿಘಂಟಿಗೆ ಬೇಕಾದವು. ಪರಿಭಾಷೆಯನ್ನು ಸಮಿತಿಗಳು ಕಟ್ಟುವುದಕ್ಕಿಂತ ಮೊದಲು ಕೈಗಳು ಕಟ್ಟಿರುತ್ತವೆ.

ಮೂರನೆಯದು ದುರಸ್ತಿಯ ಹಕ್ಕು. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಈ ವಿಷಯಕ್ಕೆಂದು ಸಮಿತಿ ನೇಮಿಸಿತು. ಸ್ವಾಗತಾರ್ಹ. ಆದರೆ ದುರಸ್ತಿ ಮಾಡುವವನೇ ಇಲ್ಲದ ಮೇಲೆ ದುರಸ್ತಿಯ ಹಕ್ಕಿನಿಂದ ಏನು ಪ್ರಯೋಜನ? ನನ್ನ ಉಸ್ತಾದರಿಗೆ ಮೂವರು ಮಕ್ಕಳು. ಒಬ್ಬರೂ ಆ ಕಸುಬಿಗೆ ಬರಲಿಲ್ಲ. ಆರು ಗಂಟೆಯ ಕೆಲಸಕ್ಕೆ ಜನ ಕೊಡಲು ಒಪ್ಪುವ ಹಣ ಒಂದು ಹೊಸ ಅಗ್ಗದ ಗಡಿಯಾರದ ಬೆಲೆಗಿಂತ ಕಡಿಮೆಯಾದಾಗ, ಮುಖಕ್ಕೆ ಬಣ್ಣ ಹಚ್ಚಿ ಒಡಲನ್ನು ಹಾಗೆಯೇ ಬಿಡುವವನೇ ಬದುಕುತ್ತಾನೆ. ಸುಳ್ಳು ಮುಖಗಳಿಗೆ ಅರ್ಧ ಕಾರಣ ಗಿರಾಕಿಗಳಾದ ನಾವು.

ಆದ್ದರಿಂದ ಎರಡು ಸಣ್ಣ ಸಲಹೆಗಳನ್ನು ಸಂಘದ ಮುಂದಿಡುತ್ತೇನೆ. ವರ್ಷಕ್ಕೊಮ್ಮೆ, ಒಂದು ಭಾನುವಾರ, ಇದೇ ಸಭಾಂಗಣದಲ್ಲಿ ಹಳೆಯ ನಗರದ ಇಬ್ಬರು ಮೂವರು ಘಡಿಸಾಜರನ್ನು ಅತಿಥಿಗಳಾಗಿ ಕರೆಯೋಣ. ಸದಸ್ಯರು ತಮ್ಮ ಮನೆಯ ನಿಂತ ಗಡಿಯಾರಗಳನ್ನು ತರಲಿ; ಅವರ ಶ್ರಮಕ್ಕೆ ಚೌಕಾಸಿಯಿಲ್ಲದೆ ಸರಿಯಾದ ಕೂಲಿ ಕೊಡೋಣ. ಅವರು ಹೇಳುವ ಪದಗಳನ್ನು ನಮ್ಮ ಹುಡುಗರು ಬರೆದುಕೊಳ್ಳಲಿ. ಎರಡನೆಯದಕ್ಕೆ ಖರ್ಚೇ ಇಲ್ಲ. ಇಂದು ಮನೆಗೆ ಹೋದ ಮೇಲೆ ಅಲಮಾರಿನಲ್ಲಿರುವ ಗಡಿಯಾರವನ್ನು ತೆಗೆದು, ಅದು ಯಾರದು, ಯಾವ ವರ್ಷ ಬಂತು, ಯಾರು ಕೊಟ್ಟರು, ಎಲ್ಲಿ ರಿಪೇರಿಯಾಯಿತು ಎಂದು ಮನೆಯ ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡಿ. ಗಡಿಯಾರ ನಾಳೆಯೂ ರಿಪೇರಿಯಾದೀತು. ಹೇಳುವವರು ಇಂದೇ ಇದ್ದಾರೆ.